ದನಿ ತೆಗೆದ ಜಾಹೀರಾತು

ಹನ್ನೊಂದನೇ ತಾರೀಖು, ಭಾನುವಾರ ಬೆಳಿಗ್ಗೆ

ನಮ್ಮ ಮನೆಯವರಿಗೆ,

ಹಾಗೆ ಕರೆಯುವ ಹಕ್ಕು ನನಗೆ ಇನ್ನೂ ಇದೆಯೋ ಇಲ್ಲವೋ ತಿಳಿಯದೆ ಮೂರು ಹಾಳೆ ಹರಿದುಹಾಕಿದೆ. ಬೇರೇನು ಬರೆದರೂ ಅದು ಕಚೇರಿಯ ಪತ್ರದಂತೆ ಕಾಣುತ್ತಿತ್ತು. ನಾನು ಓದಿದ್ದು ಇಂಗ್ಲಿಷಿನಲ್ಲಿ. ಸಾಮಾನಿನ ಚೀಟಿಯಲ್ಲೂ ನನ್ನ ಒತ್ತಕ್ಷರ ತಿದ್ದುತ್ತಿದ್ದವರು ನೀವು. ಇವತ್ತೊಂದು ದಿನ ತಪ್ಪುಗಳನ್ನು ಹಾಗೇ ಬಿಟ್ಟು ಓದಿ. ಫೋನ್ ಯಾಕೆ ಮಾಡಲಿಲ್ಲ ಎಂದು ನಿಮಗೆ ಅನಿಸಲಿಕ್ಕಿಲ್ಲ. ಯಾಕೆ ಅನಿಸುವುದಿಲ್ಲ ಎನ್ನುವುದು ನನಗೆ ಗೊತ್ತಾಗಿದ್ದು ಶುಕ್ರವಾರ ಸಂಜೆ.

ನಾನು ಸಂಜೆ ಕಾಲೇಜಿನಲ್ಲಿ ವಿಡಿಯೋ ತರಗತಿಗೆ ಸೇರಿದ್ದು ನಿಮಗೆ ತಿಳಿದೇ ಇದೆ. ಯಾವುದಾದರೂ ಚಿಕ್ಕ ಅಂಗಡಿಗೆ ನಲವತ್ತು ಸೆಕೆಂಡಿನ ಜಾಹೀರಾತು ಮಾಡಿ ತರಬೇಕು ಎಂದು ಮೇಡಂ ಹೇಳಿದಾಗ ನಾನು ನಿಮ್ಮ ವಾಚ್ ರಿಪೇರಿ ಅಂಗಡಿಯನ್ನು ಆರಿಸಿಕೊಂಡೆ. ಯಾಕೆ ಎಂದು ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಚೆನ್ನಾಗಿ ಕಾಣುವ ಅಂಗಡಿ ಎನ್ನುವುದು ಅರ್ಧ ಉತ್ತರ. ಇನ್ನರ್ಧ, ಹದಿನಾಲ್ಕು ತಿಂಗಳ ಮೇಲೆ ನಿಮ್ಮ ಎದುರು ಬಂದು ನಿಲ್ಲಲು ನನಗೊಂದು ನೆಪ ಬೇಕಿತ್ತು. ತರಗತಿಯಲ್ಲಿ 'ಪರಿಚಯದವರ ಅಂಗಡಿ' ಎಂದಷ್ಟೇ ಹೇಳಿದೆ. ನಾವಿಬ್ಬರು ಬರಬಹುದೇ ಎಂದು ನಾನು ಕಳಿಸಿದ ಸಂದೇಶಕ್ಕೆ ನೀವು 'ಬನ್ನಿ' ಎಂದು ಉತ್ತರಿಸಿದಿರಿ. ನನಗೂ ಈಗ ಬಹುವಚನವೇ ಎಂದು ಎರಡು ದಿನ ಉರಿದುಕೊಂಡೆ. ಇಬ್ಬರನ್ನು ಕರೆಯುವಾಗ ಬೇರೇನು ಬರೆಯುತ್ತಿದ್ದಿರಿ ಪಾಪ.

ಆ ದಿನ ಕ್ಯಾಮೆರಾ ಹಿಡಿದಿದ್ದವಳು ನನ್ನ ಸಹಪಾಠಿ, ಹೊಲಿಗೆ ಅಂಗಡಿಯವಳು. ನಾನು ಬರೆದುಕೊಂಡಿದ್ದ ದೃಶ್ಯ ಬಹಳ ಸರಳವಾಗಿತ್ತು. ನೀವು ತಲೆ ತಗ್ಗಿಸಿ ಕೆಲಸ ಮಾಡುತ್ತಿರುತ್ತೀರಿ, ಹಿಂದಿನ ಶೆಲ್ಫಿನಲ್ಲಿ ಅಲಾರಂ ಹೊಡೆದುಕೊಳ್ಳುತ್ತದೆ, ನೀವು ತಲೆಯೆತ್ತಿ ನಗುತ್ತೀರಿ. ಅಲಾರಂ ನಾಲ್ಕು ಸಲ ಹೊಡೆಯಿತು. ನಾಲ್ಕು ಸಲವೂ ನೀವು ತಲೆಯೆತ್ತಲಿಲ್ಲ. ನನ್ನ ಕೆಲಸ ಕೆಡಿಸಲು ಬೇಕೆಂದೇ ಹೀಗೆ ಮಾಡುತ್ತಿದ್ದಾರೆ ಎಂದುಕೊಂಡೆ. ಹೊಲಿಗೆಯವಳು ನನ್ನ ಕಿವಿಯಲ್ಲಿ, ನಿಮ್ಮ ಪರಿಚಯದವರದು ಭಾರೀ ಗತ್ತು ಕಣ್ರೀ, ಅಲಾರಂ ಅಲ್ಲ, ಬ್ಯಾಂಡ್ ಸೆಟ್ ತಂದ್ರೂ ಏಳಲ್ಲ, ಅಂದಳು. ಐದನೇ ಸಲ ಅವಳೇ ಕ್ಯಾಮೆರಾ ಪಕ್ಕದಿಂದ ಕೈ ಬೀಸಿದಳು. ನೀವು ತಟ್ಟನೆ ನೋಡಿದಿರಿ, ನಕ್ಕಿರಿ. ಆ ನಗು ಚೆನ್ನಾಗಿ ಬಂತು.

ಎಡಿಟಿಂಗಿನಲ್ಲಿ ಚಿತ್ರ ಒಂದು ಪಟ್ಟಿಯಲ್ಲಿರುತ್ತದೆ, ದನಿ ಇನ್ನೊಂದರಲ್ಲಿ. ಎರಡನ್ನೂ ಬೇರೆ ಬೇರೆಯಾಗಿ ಹಿಂದೆ ಮುಂದೆ ಜರುಗಿಸಬಹುದು. ಕೈ ಬೀಸಿದ್ದಕ್ಕೆ ನೀವು ತಲೆಯೆತ್ತಿದ ಚಿತ್ರದ ಕೆಳಗೆ ಅಲಾರಂ ಸದ್ದನ್ನು ತಂದು ಕೂರಿಸಿದೆ. ಎಷ್ಟು ಸರಿಯಾಗಿ ಕೂತಿತೆಂದರೆ, ನೀವು ಸದ್ದು ಕೇಳಿಯೇ ನಕ್ಕಿರಿ ಎಂದು ನಾನೇ ನಂಬಿಬಿಟ್ಟೆ.

ಶುಕ್ರವಾರ ತರಗತಿಯಲ್ಲಿ ಅದನ್ನು ತೋರಿಸಿದೆ. ನಮ್ಮ ಮೇಡಂ ಅವರದು ಒಂದು ಪದ್ಧತಿ. ಯಾರ ಕೆಲಸವನ್ನೇ ಆಗಲಿ ಮೊದಲು ದನಿ ತೆಗೆದು ನೋಡುತ್ತಾರೆ. ಸದ್ದು ಮೋಸ ಮಾಡುತ್ತೆ, ಬರೀ ಚಿತ್ರ ಏನು ಹೇಳುತ್ತೆ ನೋಡೋಣ, ಅನ್ನುತ್ತಾರೆ. ದೊಡ್ಡ ಪರದೆಯ ಮೇಲೆ ನೀವು ಬಂದಿರಿ. ಒಬ್ಬ ಅಜ್ಜಿ ಚೀಲದೊಳಗೆ ಮುಖ ಹಾಕಿ ಹುಡುಕುತ್ತಾ ಏನೋ ಹೇಳುತ್ತಿದ್ದರು. ನೀವು ಉತ್ತರ ಕೊಡದೆ ಕಾಯುತ್ತಿದ್ದಿರಿ. ಅವರು ಮುಖವೆತ್ತಿ ಮತ್ತೆ ಹೇಳಿದ ಮೇಲೆ ಉತ್ತರ ಕೊಟ್ಟಿರಿ. ಅಷ್ಟೂ ಹೊತ್ತು ನಿಮ್ಮ ಕಣ್ಣು ಅವರ ಕಣ್ಣಿನ ಮೇಲಿರಲಿಲ್ಲ, ತುಟಿಯ ಮೇಲಿತ್ತು. ಆಮೇಲೆ ಅವರ ಗಡಿಯಾರವನ್ನು ಎತ್ತಿ ದವಡೆಯ ಎಲುಬಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿದಿರಿ. ಕಿವಿಗೆ ಹಿಡಿಯಲಿಲ್ಲ, ಅದರ ಮಿಡಿತವನ್ನು ಎಲುಬಿನಿಂದಲೇ ತಿಳಿಯುವವರ ಹಾಗೆ.

ಹೊಲಿಗೆಯವಳು ಎಲ್ಲರೆದುರು ಜೋರಾಗಿಯೇ ಅಂದುಬಿಟ್ಟಳು. ಅಯ್ಯೋ, ಇವರಿಗೆ ಕಿವಿ ಕೇಳ್ಸಲ್ಲ! ನಮ್ಮ ಮಾವ ಥೇಟ್ ಹೀಗೇನೇ, ಕಣ್ಣೆಲ್ಲ ಬಾಯಿ ಮೇಲೆ. ನಿಮ್ಗೆ ಗೊತ್ತಿರ್ಲಿಲ್ವಾ?

ಪರಿಚಯ ಅಷ್ಟಕ್ಕಷ್ಟೇ, ಅಂದೆ. ಹದಿನೆಂಟು ವರ್ಷದ ಸಂಸಾರವನ್ನು ಆ ಒಂದು ಮಾತಿನಲ್ಲಿ ಮುಗಿಸಿದೆ. ಮೇಡಂ ಏನೋ ಹೊಗಳುತ್ತಿದ್ದರು, ಅವರ ತುಟಿ ಅಲ್ಲಾಡುವುದಷ್ಟೇ ನನಗೆ ಕಾಣುತ್ತಿತ್ತು.

ನಿನ್ನೆ ಇಡೀ ದಿನ ಕೂತು ನಾವು ತೆಗೆದ ಅಷ್ಟನ್ನೂ ನೋಡಿದೆ. ಎರಡು ಗಂಟೆಯ ವಿಡಿಯೋದಲ್ಲಿ ನೀವು ಹನ್ನೊಂದು ಸಲ ತಲೆಯೆತ್ತುತ್ತೀರಿ. ಪ್ರತಿ ಸಲವೂ ಗಾಜಿನ ಮೇಲೆ ಯಾರದೋ ನೆರಳು ಬಿದ್ದಿರುತ್ತದೆ, ಇಲ್ಲವೇ ಯಾರೋ ಕೈ ಬೀಸಿರುತ್ತಾರೆ, ಮೇಜು ಮುಟ್ಟಿರುತ್ತಾರೆ. ಬರೀ ಸದ್ದಿಗೆ ಒಂದೇ ಒಂದು ಸಲವೂ ಇಲ್ಲ. ಹಿಂದಿನಿಂದ ನಾನು, ರೀ, ಸ್ವಲ್ಪ ಈ ಕಡೆ ತಿರುಗಿ, ಅನ್ನುವುದು ಮೂರು ಕಡೆ ಕೇಳಿಸುತ್ತದೆ. ಮೂರು ಸಲವೂ ನಿಮ್ಮ ಉತ್ತರ ಒಂದೇ. ಹೂಂ. ತಿರುಗುವುದು ಮಾತ್ರ ಇಲ್ಲ. ಯಾರೋ ಮಾತಾಡುತ್ತಿದ್ದಾರೆ ಎನ್ನುವಷ್ಟು ಮಸುಕಾಗಿ ಕೇಳಿಸುತ್ತಿರಬೇಕು, ಮಾತು ಏನೆಂದು ತಿಳಿಯುವುದಿಲ್ಲ.

ಆ 'ಹೂಂ' ಕೇಳುತ್ತಾ ಕೂತಾಗ ನಾನು ಬಿಟ್ಟು ಬಂದ ಮಧ್ಯಾಹ್ನ ನೆನಪಾಯಿತು. ಅದನ್ನು ನಿಮಗೆ ಹೇಳಲೇಬೇಕು, ಯಾಕೆಂದರೆ ಅವತ್ತು ಏನಾಯಿತೆಂದು ನಿಮಗೆ ಗೊತ್ತೇ ಇಲ್ಲ ಎಂದು ಈಗ ನನಗನಿಸುತ್ತಿದೆ.

ನೀವು ಕಿಟಕಿಯ ಹತ್ತಿರ, ಊಟದ ಮೇಜಿನ ಮೇಲೆ ಯಾರದೋ ವಾಚು ಬಿಚ್ಚಿಕೊಂಡು ಕೂತಿದ್ದಿರಿ. ಬಲಗಣ್ಣಿಗೆ ಭೂತಗನ್ನಡಿ, ಬೆನ್ನು ನನ್ನ ಕಡೆಗೆ. ಇಬ್ಬರೇ ಇದ್ದ ಮನೆಯಲ್ಲಿ ವಾರಗಟ್ಟಲೆ ಒಬ್ಬಳೇ ಮಾತಾಡಿ ನನಗೆ ಸಾಕಾಗಿತ್ತು. ಬಾಗಿಲಲ್ಲಿ ನಿಂತು, ನಾನು ಹೊರಟುಹೋಗ್ಲಾ, ನಿಮ್ಗೆ ಬೇಕಾಗಿರೋದು ಅದೇನಾ, ಎಂದು ಕೇಳಿದೆ. ನೀವು 'ಹೂಂ' ಅಂದಿರಿ. ಸ್ಪಷ್ಟವಾಗಿರಲಿ ಎಂದು ಇನ್ನೊಮ್ಮೆ ಕೇಳಿದೆ. ಈ ಸಲ ಎರಡು ಬಾರಿ ಅಂದಿರಿ. ಹೂಂ, ಹೂಂ. ಬೇಸರದಿಂದ, ಬೇಗ ಮುಗಿಸು ಎನ್ನುವವರ ಹಾಗೆ.

ನಾನು ಸೂಟ್‌ಕೇಸ್ ತುಂಬಿಸಿಕೊಂಡು ಅಕ್ಕನ ಮನೆಗೆ ಬಂದೆ. ಅವತ್ತು ಸಂಜೆ ನಿಮ್ಮ ಸಂದೇಶ ಬಂತು. 'ಯಾವಾಗ ಬರ್ತೀಯ?' ಅಕ್ಕನಿಗೆ ತೋರಿಸಿದೆ. ಹೋಗು ಅಂದೋರೇ ಹೀಗೆ ಕೇಳ್ತಾರಲ್ಲೇ, ಗಾಯಕ್ಕೆ ಉಪ್ಪು ಹಚ್ಚೋದು ಅಂದ್ರೆ ಇದೇ, ಅಂದಳು. ನನಗೂ ಹಾಗೇ ಅನಿಸಿತು. ಉತ್ತರ ಕೊಡಲಿಲ್ಲ. ಮರುದಿನವೂ ಅದನ್ನೇ ಕೇಳಿದ್ದಿರಿ, ನಾಲ್ಕನೇ ದಿನವೂ. ಆಮೇಲೆ ಕೇಳುವುದನ್ನು ನಿಲ್ಲಿಸಿದಿರಿ. ಅಕ್ಕನನ್ನು ನೋಡಿಕೊಂಡು ಬರಲು ಹೋಗಿದ್ದಾಳೆ ಎಂದುಕೊಂಡು ಎಷ್ಟು ದಿನ ಕಾದಿರಿ? ಹೆಂಡತಿ ಮನೆ ಬಿಟ್ಟು ಹೋಗಿದ್ದಾಳೆ ಎನ್ನುವುದು ನಿಮಗೆ ಗೊತ್ತಾಗಿದ್ದು ವಕೀಲರ ಕಾಗದದಿಂದಲೇ?

ನನಗೆ ಸಿಟ್ಟೂ ಇದೆ, ಮುಚ್ಚಿಡುವುದಿಲ್ಲ. ಒಂದು ಮಾತು ಹೇಳಬಹುದಿತ್ತಲ್ಲ. ಟಿವಿ ಮುಂದೆ ಕೂರುವುದನ್ನು ಬಿಟ್ಟಿರಿ, ನನ್ನ ಜೊತೆ ಕೂರುವುದು ಬೇಡವಾಯಿತು ಎಂದುಕೊಂಡೆ. ಮದುವೆ ಮುಂಜಿಗೆ ಬರುವುದನ್ನು ಬಿಟ್ಟಿರಿ, ನನ್ನ ಕಡೆಯವರೆಂದರೆ ತಾತ್ಸಾರ ಎಂದುಕೊಂಡೆ. ಕಿವುಡನ ಕೈಗೆ ಗಡಿಯಾರ ಕೊಡುವವರು ಯಾರು ಎಂದು ಹೆದರಿದಿರಾ? ಇರಬಹುದು. ಆದರೆ ನಾನು ಗಿರಾಕಿಯಾಗಿರಲಿಲ್ಲ. ಇಷ್ಟು ಬರೆದ ಮೇಲೆ ಮತ್ತೆ ನನ್ನ ಕಡೆಗೇ ತಿರುಗಬೇಕಾಗುತ್ತದೆ. ಹೇಳಿದ್ದರೆ ನಾನು ಹೇಗೆ ಕೇಳಿಸಿಕೊಳ್ಳುತ್ತಿದ್ದೆ? ನನ್ನ ಎದುರು ನಿಂತು ಅಂಥದ್ದೊಂದನ್ನು ಒಪ್ಪಿಕೊಳ್ಳುವುದು ಸುಲಭವಿತ್ತೆ? ಇತ್ತು ಎಂದು ಎದೆ ಮುಟ್ಟಿ ಹೇಳಲಾರೆ.

ಮಂಗಳವಾರ ಹನ್ನೊಂದಕ್ಕೆ ವಕೀಲರಲ್ಲಿ ನಾವಿಬ್ಬರೂ ವಿಚ್ಛೇದನದ ಕಾಗದಕ್ಕೆ ಸಹಿ ಹಾಕಬೇಕು. ಕಾಗದದ ಎರಡನೇ ಸಾಲಿನಲ್ಲಿ 'ಉಭಯತ್ರರ ಒಪ್ಪಿಗೆಯ ಮೇರೆಗೆ' ಎಂದಿದೆ. ಅದನ್ನು ಬರೆಸಿದವಳು ನಾನೇ, ಆ ಮಧ್ಯಾಹ್ನದ ನಿಮ್ಮ 'ಹೂಂ' ನಂಬಿಕೊಂಡು. ಅದು ಒಪ್ಪಿಗೆಯಾಗಿರಲಿಲ್ಲ ಎಂದು ಗೊತ್ತಾದ ಮೇಲೂ ನಾನು ಸಹಿ ಹಾಕಿದರೆ ಅದು ಸುಳ್ಳಾಗುತ್ತದೆ. ಹಾಕದೆ ಬಂದರೆ, ನಿಮಗೆ ನಿಜವಾಗಿಯೂ ನಾನು ಬೇಡವಾಗಿದ್ದರೆ, ಅದೂ ಅನ್ಯಾಯವೇ. ಆದ್ದರಿಂದ ಆವತ್ತಿನ ಪ್ರಶ್ನೆಯನ್ನು, ನಿಮಗೆ ಕಾಣುವ ಹಾಗೆ, ಇನ್ನೊಮ್ಮೆ ಕೇಳುತ್ತಿದ್ದೇನೆ.

ನಾನು ಹೊರಟುಹೋಗಲಾ? ನಿಮಗೆ ಬೇಕಾಗಿರುವುದು ಅದೇನಾ?

ಪತ್ರದ ಜೊತೆ ಪೆನ್ ಡ್ರೈವಿನಲ್ಲಿ ಜಾಹೀರಾತಿದೆ. ಎಲ್ಲರ ಮಾತನ್ನೂ ಕೆಳಗೆ ಅಕ್ಷರದಲ್ಲಿ ಹಾಕಿದ್ದೇನೆ. ಅಲಾರಂ ಇದ್ದ ದೃಶ್ಯ ತೆಗೆದುಹಾಕಿದೆ. ನೀವು ಬೇಡವೆಂದರೆ ಕಾಲೇಜಿಗೆ ಕೊಡುವುದಿಲ್ಲ, ಬೇರೆ ಅಂಗಡಿ ಹುಡುಕಿಕೊಳ್ಳುತ್ತೇನೆ.

ಮಂಗಳವಾರದವರೆಗಂತೂ ಖಂಡಿತವಾಗಿ
ನಿಮ್ಮ ಹೆಂಡತಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು. ಶುಕ್ರವಾರದವರೆಗೆ ನನಗೇನೂ ಗೊತ್ತಿರಲಿಲ್ಲ ಎನ್ನುವ ಅರ್ಥದಲ್ಲಿ ಮೇಲೆ ಬರೆದಿದ್ದೇನೆ. ಮೂರು ವರ್ಷದ ಹಿಂದೆ ಒಂದು ದಿನ ನಿಮ್ಮ ಬೆನ್ನ ಹಿಂದೆ ನಿಂತು, ನಿಮ್ಮನ್ನು ಕಟ್ಟಿಕೊಂಡು ನನ್ನ ಜೀವನ ಹಾಳಾಯಿತು ಅಂದೆ. ಮೆಲ್ಲಗಲ್ಲ, ಮಾಮೂಲಿ ದನಿಯಲ್ಲೇ. ನೀವು ಅಲುಗಾಡಲಿಲ್ಲ. ಮರುದಿನ ಅದಕ್ಕಿಂತ ಕೆಟ್ಟದ್ದನ್ನು ಹೇಳಿ ನೋಡಿದೆ. ಆಮೇಲೆ ಅದೊಂದು ರೂಢಿಯೇ ಆಯಿತು. ನೀವು ಬೆನ್ನು ತಿರುಗಿಸಿ ಕೂತರೆ ಸಾಕು, ಹೇಳುತ್ತಿದ್ದೆ, ಹೇಳಿದ ಮೇಲೆ ಹಗುರವಾಗುತ್ತಿತ್ತು. ಎದುರಿಗೆ ನಿಂತು ಅದರಲ್ಲಿ ಒಂದು ಮಾತನ್ನೂ ಯಾವತ್ತೂ ಆಡಲಿಲ್ಲ. ಯಾಕೆ ಆಡಲಿಲ್ಲ ಎಂದು ನಿನ್ನೆಯಿಂದ ಯೋಚಿಸುತ್ತಿದ್ದೇನೆ. ನಿಮಗೆ ಕೇಳಿಸುವುದಿಲ್ಲ ಎಂದು ನನ್ನ ತಲೆಗೆ ಗೊತ್ತಿರಲಿಲ್ಲ, ನಾಲಿಗೆಗೆ ಗೊತ್ತಿತ್ತು. ನನ್ನ ಪ್ರಶ್ನೆಗೆ ಇದನ್ನೂ ಓದಿದ ಮೇಲೆಯೇ ಉತ್ತರ ಕೊಡಿ.