ಬಲಮೂಲೆಯ ಚುಕ್ಕೆ

ನವೆಂಬರ್ ೧೪, ಗುರುವಾರ

ಅಪ್ಪನ ಕಣ್ಣು ಇನ್ನೊಂದು ವರ್ಷ ಉಳಿದರೆ ಹೆಚ್ಚು ಎಂದು ಡಾಕ್ಟರು ಹೇಳಿದ್ದನ್ನು ಇವತ್ತೂ ಅವರಿಗೆ ಹೇಳಲಿಲ್ಲ. ಮಧ್ಯಾಹ್ನ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಟೀವಿಯಲ್ಲಿ ಒಂದು ಹಳೆಯ ಕಪ್ಪುಬಿಳುಪು ಕೊಲೆ ಸಿನಿಮಾ ಶುರುವಾಯಿತು.

ಅಪ್ಪ ಥಿಯೇಟರಿನಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದಾಗ ಇದನ್ನು ಹದಿನೇಳು ವಾರ ಓಡಿಸಿದವರು. ಆದರೆ ನೋಡಿಯೇ ಇಲ್ಲವಂತೆ! ರೀಲು ಬದಲಿಸುವ ಹೊತ್ತಿಗೆ ಪರದೆಯ ಬಲಮೂಲೆಯಲ್ಲಿ ಒಂದು ಚುಕ್ಕೆ ಮಿನುಗುತ್ತಿತ್ತು. ಅವರ ಕಣ್ಣು ಸದಾ ಅಲ್ಲೇ. ಕೊನೆಯ ರೀಲು ಓಡುವಾಗ ಹಿಂದಿನ ರೀಲನ್ನು ಮರಳಿ ಸುತ್ತುವ ಕೆಲಸ.

ಇವತ್ತೂ ಚುಕ್ಕೆ ಕಂಡದ್ದೇ ತಡ, ದಡಬಡ ಎದ್ದರು. "ಕೂತ್ಕೊಳ್ಳಿ ಅಪ್ಪ, ಅದು ತಾನಾಗೇ ಓಡುತ್ತೆ," ಅಂದೆ. ಪೆಚ್ಚಾಗಿ ನಕ್ಕರು.

ಆಮೇಲೆ ಚುಕ್ಕೆಯ ಮೂಲೆ ಬಿಟ್ಟು ಸಿನಿಮಾ ನೋಡಿದರು. ಕಿಟಕಿಯ ಪಟ್ಟಿಗಳ ನೆರಳು ಕೊಲೆಯಾದವನ ಹೆಂಡತಿಯ ಮುಖದ ಮೇಲೆ ಬಿದ್ದಾಗ ಇಬ್ಬರೂ ಉಸಿರು ಬಿಗಿಹಿಡಿದೆವು. ಕತ್ತಲನ್ನು ಇಷ್ಟು ಚೆಂದ ಮಾಡಿದವರ ಹೊಟ್ಟೆ ತಣ್ಣಗಿರಲಿ.

ಗಂಡನನ್ನು ಕೊಂದದ್ದು ಅವಳೇ ಎಂದು ಗೊತ್ತಾದಾಗ ಅಪ್ಪ ನನ್ನ ಕೈ ಹಿಡಿದುಕೊಂಡರು. "ಅಯ್ಯೋ, ಇವಳಾ? ಹದಿನೇಳು ವಾರ ಇವಳ ಮೇಲೆ ಬೆಳಕು ಬಿಟ್ಟವನು ನಾನೇ ಕಣೇ!"

ಡಾಕ್ಟರ ಮಾತು ನಾಳೆಗಿರಲಿ. ಗೋಡೆಯಾಚೆ ಅಪ್ಪ ಇನ್ನೂ ಮಲಗಿಲ್ಲ. "ಇವಳಾ!" ಅಂತ ಕತ್ತಲಲ್ಲಿ ಒಬ್ಬರೇ ನಗುತ್ತಿದ್ದಾರೆ. ನಾನೂ…