ಬೇಡಿದರೆ ಕೇಳದ ಭಾಷೆ

ಮನೆಯಿಂದ,
ಜುಲೈ ೧೨, ಶನಿವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಕೆಮ್ಮು ಇಳಿಯಿತೇ? ಕಳೆದ ಸಲ ಜೈಲಿನ ಜಾಲರಿಯಾಚೆ ನಿಂತು ಚೆನ್ನಾಗಿದ್ದೇನೆ ಅಂದೆ. ಸುಳ್ಳು ಹೇಳುವಾಗ ನೀನು ಕಿವಿ ಕೆರೆದುಕೊಳ್ಳುತ್ತೀಯ ಎಂಬುದು ಎತ್ತಿ ಆಡಿಸಿದವಳಿಗೆ ಗೊತ್ತಿಲ್ಲವೇ? ದಪ್ಪ ಹೊದಿಕೆ ಕಳಿಸಿದ್ದೆ. ಕೊಟ್ಟರೋ, ಕಾವಲಿನವರೇ ಹೊದ್ದು ಮಲಗಿದರೋ? ಮುಷ್ಕರ ಇನ್ನೂ ಮುರಿದಿಲ್ಲ. ಕಾರ್ಖಾನೆ ಗೇಟಿನ ಮುಂದೆ ನಿನ್ನ ಜಾಗ ಖಾಲಿ ಬಿಟ್ಟೇ ಕೂರುತ್ತಾರೆ.

ನನ್ನದೇನು ಸುದ್ದಿ. ಹಗಲೆಲ್ಲ ಕಚೇರಿ ಮುಂದೆ ಅದೇ ಮೇಜು, ಅದೇ ಟೈಪ್‌ರೈಟರ್, ಅರ್ಜಿ ಬರೆಸಲು ಬರುವವರು. ಮನೆಗೆ ಬಂದರೆ ನಾಲ್ಕು ಗೋಡೆ. ಉಪ್ಪು ಜಾಸ್ತಿಯಾಯಿತು ಎಂದು ಬೈಯಲೂ ಯಾರಿಲ್ಲ. ಅದಕ್ಕೇ ನಿನ್ನ ಕಂಪ್ಯೂಟರ್ ಹಚ್ಚಿದೆ. ಕಂಪ್ಯೂಟರಿಗೆ ಕೆಲಸ ಹೇಳಲು, ಗೆಳೆಯರನ್ನು ನಗಿಸಲು ನೀನೇ ಕಟ್ಟಿದ ಆ ಹುಚ್ಚು ಭಾಷೆ ಇದೆಯಲ್ಲ, ನೀನು ತೋರಿಸಿದಂತೆ ಕಪ್ಪು ಪರದೆಯಲ್ಲಿ ಅದನ್ನು ಓದಿ ನಡೆಸುವ ಇಂಟರ್‌ಪ್ರಿಟರ್ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದೆ. ಕರ್ಸರ್ ಮಿನುಗುತ್ತ ಕಾಯಿತು. ‘ದಯವಿಟ್ಟು ಎರಡಕ್ಕೆ ಮೂರು ಕೂಡಿಸಬೇಕಾಗಿ ಪ್ರಾರ್ಥನೆ’ ಎಂದು ಹೊಡೆದೆ. ಆಯುಸ್ಸೆಲ್ಲ ಅರ್ಜಿ ಹೊಡೆದ ಬೆರಳು, ಬೇರೇನು ಹೊಡೆದೀತು? ಪರದೆ ಉಗಿಯಿತು: ‘ಇಲ್ಲಿ ದೊರೆ ಯಾರೂ ಇಲ್ಲ. ಬೇಡಿಕೊಳ್ಳಬೇಡ, ಹೇಳು.’ ದಯವಿಟ್ಟು ತೆಗೆದೆ, ಪ್ರಾರ್ಥನೆ ಉಳಿದಿತ್ತು, ಮತ್ತೆ ಉಗಿಸಿಕೊಂಡೆ. ಅದನ್ನೂ ತೆಗೆದರೆ ಕೊನೆಯಲ್ಲಿ ‘ತಮ್ಮ ವಿಧೇಯ’ ಎಂದು ಬೆರಳು ತಾನಾಗಿ ಸೇರಿಸಿತ್ತು. ಬರೀ ‘ಎರಡಕ್ಕೆ ಮೂರು ಕೂಡಿಸು’ ಎಂದ ಮೇಲೆ ಐದು ಬಂತು. ಬೆನ್ನು ಬಗ್ಗಿಸುವುದನ್ನು ನಮಗೆ ಉಗುರಿನ ತುದಿಯವರೆಗೂ ಕಲಿಸಿದ್ದಾರೆ ಕಣೋ. ಆಮೇಲೆ ಬೇಕೆಂದೇ ದಯವಿಟ್ಟು, ದಯವಿಟ್ಟು ಎಂದು ಹೊಡೆಯುತ್ತ ಕೂತೆ. ಬೈಗುಳ ನಿನ್ನದಲ್ಲವೇ, ಮನೆಯಲ್ಲಿ ಇನ್ನೊಬ್ಬರು ಇದ್ದಂತಾಗುತ್ತಿತ್ತು.

ನಿನ್ನೆ ನಿನ್ನ ಕೇಸಿನ ವಕೀಲರು ಬಂದಿದ್ದರು. ತಮ್ಮನದು ತಪ್ಪು, ಇನ್ನು ಸಂಘದ ಕಡೆ ತಲೆ ಹಾಕುವುದಿಲ್ಲ, ಮನ್ನಿಸಿ ಎಂದು ಮನೆಯವಳಾಗಿ ನಾನು ಬರೆದುಕೊಟ್ಟರೆ ಕಾರ್ಖಾನೆಯವರು ದೂರು ವಾಪಸ್ ಪಡೆಯುತ್ತಾರಂತೆ. ವಾರದೊಳಗೆ ನೀನು ಮನೆಯಲ್ಲಿ. “ಕಂಡಕಂಡವರಿಗೆಲ್ಲ ಬರ್ಕೊಡ್ತೀರಿ, ಒಡಹುಟ್ಟಿದವನಿಗೆ ನಾಲ್ಕು ಸಾಲು ಬರಿಯೋಕೆ ಕೈಗೆ ಲಕ್ವ ಹೊಡ್ದಿದ್ಯಾ?” ಎಂದರು. ಚುಚ್ಚಿತು. ನೀನು ಮಾಡಿದ ತಪ್ಪೇನು? ಯಂತ್ರಕ್ಕೆ ಬೆರಳು ಕೊಟ್ಟ ಹೆಂಗಸಿಗೆ ಪರಿಹಾರ ಸಿಗಲಿ ಎಂದು ಯಂತ್ರ ನಿಲ್ಲಿಸಿದ್ದು. ಅದು ತಪ್ಪಾದರೆ ಅವಳ ಬೆರಳು ತಿಂದು ಬದುಕಿದವರದೇನು? ಇಷ್ಟೆಲ್ಲ ಹೇಳುವ ನಾನೇ ಸಂಜೆ ಆ ನಾಲ್ಕು ಸಾಲು ಬರೆಯಲು ಟೈಪ್‌ರೈಟರಿಗೆ ಹಾಳೆ ಸಿಕ್ಕಿಸಿಕೊಂಡು ಕೂತೆ. ಸುತ್ತಿಟ್ಟ ನಿನ್ನ ಹಾಸಿಗೆ ಕಂಡರೆ ಹೋರಾಟ ಗೀರಾಟ ಎಲ್ಲ ಹಾಳಾಗಿ ಹೋಗಲಿ ಅನ್ನಿಸುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಒಳಗಿರುವ ಸಂಗಾತಿಗಳಿಗೆಲ್ಲ ನನ್ನ ನೆನಪು ಹೇಳು. ನಿನ್ನ ಎದೆ ಗಟ್ಟಿಯಾಗಿರಲಿ, ನಿನಗೆ ನನ್ನ ಆಯುಸ್ಸೂ ಸೇರಲಿ.

ನಿನ್ನ
ಅಕ್ಕ

ವಿ.ಸೂ.: ಅಂಚೆ ಹೊರಡುವ ಹೊತ್ತಾಯಿತು. ಬರೆದುಕೊಡಲು ಆಗುವುದಿಲ್ಲ ಎಂದು ವಕೀಲರಿಗೆ ಹೇಳಿ ಕಳಿಸಿದೆ. ನೀನು ಇನ್ನೂ ತಿಂಗಳುಗಟ್ಟಲೆ ಒಳಗೇ ಇರಬೇಕಾಗುತ್ತದೆ. ನಿನ್ನನ್ನು ಒಂದು ಮಾತು ಕೇಳದೆ ಮಾಡಿದೆ. ಕೇಳಿದರೆ ಎಲ್ಲಿ ‘ಬರೆದುಕೊಡಕ್ಕಾ, ಸಾಕಾಯ್ತು’ ಅಂದುಬಿಡುತ್ತೀಯೋ ಎಂಬ ಭಯ. ಅಂದಿದ್ದರೆ ಬರೆದುಬಿಡುತ್ತಿದ್ದೆ.