ಕುರ್ಚಿ ಇದ್ದ ಜಾಗ

ಪ್ರೀತಿಯ ಚೀಲದಕ್ಕಾ,

ನಮ್ಮ ಕಟ್ಟಡದಲ್ಲಿ ನಿಮಗೆ ಈ ಹೆಸರಿದೆ ಅಂತ ನಿಮಗೆ ಗೊತ್ತೋ ಇಲ್ಲವೋ. ಎಳೆ ಮಕ್ಕಳಿರುವ ಮನೆಗಳಿಗೆಲ್ಲ ಹೋಗಿ ನೋಡಿ ಬರುವ ಸಿಸ್ಟರ್ ಅಂದರೆ ಇಲ್ಲಿ ಯಾರಿಗೂ ತಿಳಿಯುವುದಿಲ್ಲ. ತಕ್ಕಡಿ ತುರುಕಿದ ಚೀಲ ಹೊತ್ತು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತುವ ಚೀಲದಕ್ಕ ಅಂದರೆ ಮೂರು ಮಹಡಿಗೂ ತಿಳಿಯುತ್ತದೆ. ಮೊನ್ನೆ ನನ್ನ ಮಗಳನ್ನು ಕೊನೆಯ ಸಲ ತೂಗಿ, ಮಗು ಚೆನ್ನಾಗಿ ಬೆಳೆದಿದೆ, ಇನ್ನು ಬರುವುದಿಲ್ಲವೆಂದು ಹೇಳಿ ಹೋದಿರಿ. ಇಷ್ಟು ತಿಂಗಳು ಗಂಟಲಲ್ಲಿ ಇಟ್ಟುಕೊಂಡ ಮಾತು ಆಗಲೂ ಹೊರಗೆ ಬರಲಿಲ್ಲ. ಬಾಯಿಗೆ ಬಾರದ್ದು ಕೈಗಾದರೂ ಬರಲಿ ಅಂತ ಕೂತಿದ್ದೇನೆ.

ನಾನು ನಿಮಗೆ ಹೇಳಿದ ಮೊದಲ ಮಾತೇ ಸುಳ್ಳು. ಲಸಿಕೆಯ ಸಾಲಿನಲ್ಲಿ, ಮಗು ಎಲ್ಲಿ ಮಲಗುತ್ತೆ ಅಂತ ಕೇಳಿದಿರಿ. ತೊಟ್ಟಿಲಲ್ಲಿ ಅಂದೆ. ಮಡಚುವ ಮರದ ತೊಟ್ಟಿಲೊಂದು ಮನೆಯಲ್ಲಿತ್ತು ನಿಜ, ಬೀರುವಿನ ಹಿಂದೆ. ಇರುವುದೊಂದೇ ಕೋಣೆ. ಅದರಲ್ಲಿ ಮಂಚ, ಬೀರು, ಒಲೆಕಟ್ಟೆ, ಕಿಟಕಿ ಪಕ್ಕ ಅತ್ತೆ ಕಳಿಸಿದ ದೊಡ್ಡ ಮೆತ್ತೆಯ ಕುರ್ಚಿ. ಗಂಡ ಲಾರಿ ಓಡಿಸುವವರು, ಸೋಮವಾರ ಹೋದರೆ ಶನಿವಾರ ಬರುವುದು. ಅಲ್ಲಿಯವರೆಗೆ ನಾನು, ಮಗು, ನಾಲ್ಕು ಗೋಡೆ. ಮಗು ನನ್ನ ಮೇಲೆ ಬಿಟ್ಟು ಬೇರೆಲ್ಲೂ ನಿದ್ದೆ ಮಾಡುತ್ತಿರಲಿಲ್ಲ.

ಮಂಗಳವಾರ ಮನೆಗೆ ಬರ್ತೀನಿ ಅಂದಿರಿ ನೋಡಿ, ನನಗೆ ಕೈಕಾಲು ಆಡಲಿಲ್ಲ. ಅವತ್ತು ಬೆಳಿಗ್ಗೆ ತೊಟ್ಟಿಲು ಬಿಚ್ಚಿ ನಿಲ್ಲಿಸಿ, ಹೊಸ ದುಪ್ಪಟಿ ಹಾಸಿ, ಎರಡು ದಿಂಬು, ಒಂದು ಬೊಂಬೆ ಇಟ್ಟು, ಮದುವೆಮನೆ ಹಾಗೆ ಸಿಂಗರಿಸಿದೆ. ನೀವು ಬಾಗಿಲು ತಳ್ಳಿದಿರಿ. ಬಾಗಿಲು ಗೇಣುದ್ದ ತೆರೆದು ತೊಟ್ಟಿಲಿಗೆ ಬಡಿದು ನಿಂತಿತು. ಸಂದಿಯಲ್ಲಿ ನಿಮ್ಮ ಒಂದು ಕಣ್ಣು, ಅರ್ಧ ಮೂಗು, ಚೀಲದ ಪಟ್ಟಿ ಕಂಡವು. ತೊಟ್ಟಿಲು ಹಾಕಿದರೆ ಬಾಗಿಲು ತೆರೆಯದು, ಬಾಗಿಲು ತೆರೆಯಬೇಕಾದರೆ ತೊಟ್ಟಿಲು ಮಡಚಬೇಕು. ಅದು ನನಗೆ ಹೊಳೆದೇ ಇರಲಿಲ್ಲ, ಅಷ್ಟು ದಿನದಿಂದ ಅದನ್ನು ಹಾಕಿಯೇ ಇರಲಿಲ್ಲವಲ್ಲ.

"ಇದನ್ನ ಹಾಕಿದ್ಮೇಲೆ ನೀವು ಹೊರಗೆ ಹೋಗೋದು ಹೇಗಮ್ಮಾ?" ಅಂದಿರಿ.

ನಗು ಬಂತು, ಅದರ ಬೆನ್ನಿಗೇ ಅಳು. ಹೊರಗೆ ಹೋಗುವುದು ಹೇಗೆ ಅಂತ ನಾನೂ ದಿನಾ ಕೇಳಿಕೊಳ್ಳುತ್ತಿದ್ದೆ ಅಕ್ಕಾ. ಲಿಫ್ಟ್ ಕೆಟ್ಟು ವರ್ಷವಾಗಿತ್ತು. ಹೆರಿಗೆಯ ಹೊಲಿಗೆ ಪೂರ್ತಿ ಮಾಗಿರಲಿಲ್ಲ.

ತೊಟ್ಟಿಲನ್ನು ಓರೆ ಮಾಡಿ ಒಳಗೆ ಬಿಟ್ಟುಕೊಂಡ ಮೇಲೆ ನೀವು ಬೈಯಲಿಲ್ಲ. ದಿಂಬು, ಬೊಂಬೆ ಒಂದೊಂದಾಗಿ ತೆಗೆದು ನನ್ನ ಮಂಚಕ್ಕೆ ಎಸೆದಿರಿ. ಮಗುವಿಗೆ ಗಟ್ಟಿ ಹಾಸಿಗೆ ಸಾಕು, ಅಂಗಾತ ಮಲಗಿಸಿದರೆ ಸಾಕು, ಮತ್ತೇನೂ ಬೇಡ ಅಂದಿರಿ. ಆಮೇಲೆ ಇಡೀ ಕೋಣೆಯನ್ನು ಗೇಣು ಹಾಕಿ ಅಳೆಯತೊಡಗಿದಿರಿ. ಗೇಣು ಹಾಕುತ್ತಾ ಕುರ್ಚಿಯ ಹತ್ತಿರ ಬಂದು ನಿಂತಿರಿ. ಇದನ್ನು ಹೊರಗೆ ಹಾಕಿದರೆ ತೊಟ್ಟಿಲು ಸರಿಯಾಗಿ ಹಿಡಿಯುತ್ತದೆ ಅಂದಿರಿ. ಆಗುವುದಿಲ್ಲ ಅಂದೆ. ಅತ್ತೆ ಬೇಜಾರು ಮಾಡಿಕೊಳ್ಳುತ್ತಾರೆ ಅಂದೆ. ನಿಜ ಏನೆಂದರೆ, ಅಲ್ಲಿ ಕೂತರೆ ಮಾತ್ರ ಬೀದಿ ಕಾಣುತ್ತಿತ್ತು. ಹೋಗುವವರು, ಬರುವವರು, ಬಸ್ಸಿಗೆ ಓಡುವವರು. ನನಗೆ ಲೋಕ ಅಂತ ಉಳಿದಿದ್ದೇ ಅಷ್ಟು.

ಎರಡನೇ ಸಲ ಕೇಳಿದಿರಿ. ಮತ್ತೂ ಬೇಡ ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ನನ್ನ ಮುಖ, ನಿಮಗೆ ತಿಳಿಯದೇ ಇರುತ್ತದೆಯೇ. ಮೂರನೇ ಸಲ ನೀವು ಕೇಳಲಿಲ್ಲ. ಟವೆಲ್ಲೊಂದನ್ನು ಮಗುವಿನಷ್ಟಕ್ಕೆ ಸುತ್ತಿ, ಎದೆಗಾನಿಸಿಕೊಂಡು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದಿರಿ. ಕೈ ಮೆಲ್ಲಗೆ ಸಡಿಲ ಬಿಟ್ಟಿರಿ. ಟವೆಲ್ಲು ಮಡಿಲಿಂದ ಜಾರಿ, ಕುರ್ಚಿಯ ಕೈಗೂ ಮೆತ್ತೆಗೂ ನಡುವಿನ ಸಂದಿಗೆ ಇಳಿದು ಹೋಯಿತು.

ನಾನು ಬಾಗಿ ಟವೆಲ್ಲನ್ನು ಸಂದಿಯಿಂದ ಎಳೆದು ತೆಗೆದೆ. "ಒಂದು ಕಡೆ ಹಿಡ್ಕೊಳ್ಳಿ" ಅಂದಿರಿ, ಅಷ್ಟೇ. ನನಗೆ ಭಾರ ಬೀಳದ ಹಾಗೆ ನೀವೇ ಮುಕ್ಕಾಲು ಎತ್ತಿ, ಇಬ್ಬರೂ ಕುರ್ಚಿಯನ್ನು ಮೆಟ್ಟಿಲ ಪಕ್ಕಕ್ಕೆ ಸಾಗಿಸಿದೆವು. ಹೊರಡುವಾಗ ಬಾಗಿಲಲ್ಲಿ ನಿಂತು, ಕೂತಲ್ಲೇ ಕಣ್ಣು ಎಳೆಯತೊಡಗಿದರೆ ಮೊದಲು ಮಗುವನ್ನು ತೊಟ್ಟಿಲಿಗೆ ಹಾಕಿ ಅಂದಿರಿ. ಅತ್ತರೆ, ಅಂತ ಕೇಳಿದೆ.

"ಅಳಲಿ. ಅಳೋ ಮಗು ಉಸಿರಾಡ್ತಿದೆ ಅಂತ ಲೆಕ್ಕ."

ನೀವು ಬರುವ ನಾಲ್ಕು ದಿನ ಮೊದಲು, ಬೆಳಿಗ್ಗೆ ಹತ್ತು ಗಂಟೆ ಬಿಸಿಲಲ್ಲಿ, ಹಾಲು ಕುಡಿಸುತ್ತಾ ಆ ಕುರ್ಚಿಯಲ್ಲೇ ನಿದ್ದೆ ಹೋಗಿದ್ದೆ ಅಕ್ಕಾ. ಎಚ್ಚರವಾದಾಗ ಮಡಿಲು ಖಾಲಿ. ಮಗು ಆ ಸಂದಿಯಲ್ಲಿ, ಮುಖ ಮೆತ್ತೆಯೊಳಗೆ. ಎತ್ತಿದೆ, ಅಳಲಿಲ್ಲ. ಬೆನ್ನು ತಟ್ಟಿದೆ, ಅಳಲಿಲ್ಲ. ಆಮೇಲೆ ಅತ್ತಳು. ಗಂಡನಿಗೆ ಫೋನಿನಲ್ಲಿ, ಚೆನ್ನಾಗಿದ್ದಾಳೆ ಅಂದೆ. ನಿಮ್ಮಂಥವರಿಗೆ ಮನೆಯ ಕಷ್ಟ ಹೇಳಿದರೆ ಮಗುವನ್ನೇ ಕಿತ್ತುಕೊಂಡು ಹೋಗುತ್ತಾರೆ ಅಂತ ಪಕ್ಕದ ಮನೆಯವರು ಮೊದಲೇ ಹೆದರಿಸಿದ್ದರು. ಇಷ್ಟನ್ನು ನೀವು ಟವೆಲ್ಲು ಜಾರಿದಾಗಲೇ ಓದಿಕೊಂಡಿರಿ.

ನೀವು ಓದದ್ದು ಇನ್ನೊಂದಿದೆ. ಎಚ್ಚರವಾದ ಆ ಒಂದು ಕ್ಷಣ, ಮಗು ಎಲ್ಲಿ ಅಂತ ನೆನಪಾಗುವ ಮೊದಲು, ಅಬ್ಬಾ, ಮೈ ಎಷ್ಟು ಹಗುರ ಅನ್ನಿಸಿತ್ತು. ಅಯ್ಯೋ ಅನ್ನುವ ಮೊದಲು ಅಬ್ಬಾ ಅಂದವಳು ನಾನು. ಅದು ಇವತ್ತಿಗೂ ನನ್ನ ಕುತ್ತಿಗೆ ಹಿಡಿದುಕೊಂಡಿದೆ. ಹೊಟ್ಟೆಗೆ ಹಾಕಿಕೊಳ್ಳಿ.

ಈಗ ಕುರ್ಚಿ ಇದ್ದಲ್ಲಿ ತೊಟ್ಟಿಲಿದೆ. ಬಾಗಿಲು ಪೂರ್ತಿ ತೆರೆಯುತ್ತದೆ, ಹೋಗುವ ಕಡೆ ಮಾತ್ರ ಇನ್ನೂ ಇಲ್ಲ. ಕಿಟಕಿ ಮಗಳ ಪಾಲಾಯಿತು. ನಾನು ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ, ಇಲ್ಲಿಂದ ಬೀದಿ ಕಾಣುವುದಿಲ್ಲ. ಮೂರು ರಾತ್ರಿಯ ನಿದ್ದೆ ಬಾಕಿ, ಕಣ್ಣು ಎಳೆಯುತ್ತಿತ್ತು, ಅದಕ್ಕೇ ಅವಳನ್ನು ತೊಟ್ಟಿಲಿಗೆ ಹಾಕಿದೆ. ಕಂಬಿ ಹಿಡಿದು ಎದ್ದು ನಿಂತು, ಕಟ್ಟಡ ಹಾರಿಹೋಗುವಂತೆ ಕಿರುಚುತ್ತಿದ್ದಾಳೆ. ಕೇಳಿಸಿಕೊಳ್ಳುತ್ತಿದ್ದೇನೆ ಅಕ್ಕಾ. ಒಂದೊಂದು ಉಸಿರೂ ಕೇಳಿಸುತ್ತಿದೆ.

ನಿಮ್ಮ ಮಂಡಿ ಗಟ್ಟಿಯಾಗಿರಲಿ, ಇನ್ನೂ ಎಷ್ಟೋ ಮೆಟ್ಟಿಲು ಹತ್ತುವುದಿದೆ ನಿಮಗೆ.

ಇಂತಿ,
ಮೂರನೇ ಮಹಡಿಯ ಸುಳ್ಳುಬುರುಕಿ